ಹುರಿದ ಸಾಸಿವೆಯ ಘಾಟು

ಸತ್ತ ಮೇಲೂ ಬಂದು ಗೇಟು ತೆಗೆದ ಮಾವ, ಕನಸಿನಲ್ಲಿ ಬಂದು ಒಡವೆ ಇಟ್ಟ ಜಾಗ ಹೇಳಿದ ಅಜ್ಜಿ, ಇಂಥ ಕಥೆಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಯಾರಾದರೂ "ನೀವು ನಂಬಲ್ಲ ಮೇಡಂ, ಆದ್ರೂ ಹೇಳ್ತೀನಿ" ಎಂದು ಶುರು ಮಾಡಿದರೆ, ನಂಬಲ್ಲ ಅಂತ ಗೊತ್ತಿದ್ದೂ ಯಾಕೆ ಹೇಳುತ್ತೀರಿ ಎಂದು ಕೇಳಿ ಡಬ್ಬಿ ಮುಚ್ಚಿಕೊಂಡು ಏಳುತ್ತಿದ್ದೆ. ಈಗ ನಾನೇ ಆ ಸಾಲಿನಲ್ಲಿ ಬಂದು ನಿಂತಿದ್ದೇನೆ. ನಗುವವರು ನಗಿ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಥ ಕಥೆಗಳಲ್ಲೆಲ್ಲ ಅಮಾವಾಸ್ಯೆ ಇರುತ್ತದೆ, ನಡುರಾತ್ರಿ ಇರುತ್ತದೆ, ಎಲ್ಲಿಂದಲೋ ಒಂದು ನಾಯಿ ಊಳಿಡುತ್ತದೆ. ನನಗೆ ಆದದ್ದು ವಿಜಯವಾಡದ ಬೇಸಿಗೆಯ ಮಟಮಟ ಮಧ್ಯಾಹ್ನ. ಊಳಿಡುವುದಿರಲಿ, ಎದ್ದು ನೆರಳು ಬದಲಿಸುವ ತ್ರಾಣವೂ ಆ ಊರಿನ ನಾಯಿಗಳಿಗೆ ಆಗ ಇರುವುದಿಲ್ಲ. ಅದೂ ಏನಾದರೂ ಘನವಾದದ್ದು ನಡೆಯಿತೇ ಎಂದರೆ ಅದೂ ಇಲ್ಲ. ಒಂದು ಜಾಡಿ ಉಪ್ಪಿನಕಾಯಿಯ ವಿಷಯ.

ನಾನು ತುಮಕೂರಿನವಳು. ಬಡ್ತಿಯ ಜೊತೆಗೆ ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು. ಬಂದ ಹೊಸದರಲ್ಲಿ ನಮ್ಮ ಶಾಖೆಯವರು ನನ್ನನ್ನು ಒಂದು ಗುಂಪಿಗೆ ಸೇರಿಸಿಕೊಂಡರು. ಭಾನುವಾರ ಬೆಳಗಾದರೆ ಊರಿನ ರುಚಿ ಹುಡುಕಿಕೊಂಡು ಹೊರಡುವ ಗುಂಪು ಅದು. ಬೀಚಿನಲ್ಲಿ ಮುರಿ ಮಿಕ್ಸ್ಚರ್ ಕೊಡಿಸಿದರು. ನಮ್ಮ ಮಂಡಕ್ಕಿಗೆ ಈರುಳ್ಳಿ, ಖಾರ, ನಿಂಬೆಹುಳಿ ಹಾಕಿ ಕಲಸಿದ್ದು, ಬೇರೇನೂ ಅಲ್ಲ. ಅದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ತಲೆದೂಗುವವರು ಕೆಲವರು, ಆ ತಲೆದೂಗುವುದನ್ನು ಫೋನಿನಲ್ಲಿ ಹಿಡಿಯುವವರು ಕೆಲವರು. ಚಳಿಗಾಲದಲ್ಲಿ ಅನಕಾಪಲ್ಲಿಗೆ ಕರೆದುಕೊಂಡು ಹೋಗಿ ಬೆಲ್ಲದ ಅಚ್ಚುಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಬೆಲ್ಲವನ್ನೇ ಕಾಣದ ಊರಿನಿಂದ ಬಂದವಳು ನಾನು ಎಂದುಕೊಂಡಿದ್ದರೋ ಏನೋ. ಸಂಕ್ರಾಂತಿಗೆ ಅರಿಸೆಲು ಎಂದು ಸಡಗರದಿಂದ ಕೊಟ್ಟರು. ಕಚ್ಚಿದರೆ ನಮ್ಮ ಕಜ್ಜಾಯ. ಹಾಗೆಂದು ಹೇಳಿದ್ದಕ್ಕೆ ಮುಖ ಊದಿಸಿಕೊಂಡರು.

ಬೇಸಿಗೆ ಬಂತೆಂದರೆ ಆವಕಾಯಿ. ಅದೇ, ಸಾಸಿವೆ ಪುಡಿ ಹಾಕಿ ಮಾಡುವ ಅವರ ಮಾವಿನಕಾಯಿ ಉಪ್ಪಿನಕಾಯಿ. ಕ್ಯಾಷ್ ಕೌಂಟರಿನಿಂದ ಲಾಕರ್ ಕೋಣೆಯವರೆಗೆ ಬೇರೆ ಮಾತೇ ಇಲ್ಲ. ಯಾರ ಕೈಯಲ್ಲಿ ಕಲಸಿದರೆ ವರ್ಷವಿಡೀ ಉಳಿಯುತ್ತದೆ, ಯಾರು ಮುಟ್ಟಿದರೆ ಬೂಷ್ಟು ಹಿಡಿಯುತ್ತದೆ ಎಂದು ಎಂ.ಎಸ್ಸಿ. ಓದಿದವರೂ ವಾದ ಮಾಡುತ್ತಾರೆ. ಕೈಗುಣವಂತೆ ಕೈಗುಣ! ಉಪ್ಪು, ಖಾರ, ಎಣ್ಣೆ ಹದವಾಗಿದ್ದರೆ ಕೆಡುವುದಿಲ್ಲ, ಒದ್ದೆ ಸೌಟು ಹಾಕಿದರೆ ಕೆಡುತ್ತದೆ, ಅಷ್ಟೇ. ಇಷ್ಟು ಹೇಳಿದ್ದಕ್ಕೆ ನನ್ನನ್ನು ಗುಂಪಿನಿಂದ ಮೆಲ್ಲಗೆ ಕೈಬಿಟ್ಟರು. ನನಗೂ ಭಾನುವಾರ ನಿದ್ದೆ ಮಾಡಲು ಸಿಕ್ಕಿತು.

ವಿಜಯವಾಡದಲ್ಲಿ ನನ್ನ ಚಿಕ್ಕಮ್ಮ ಇದ್ದರು. ಅಮ್ಮನ ತಂಗಿ, ಸರೋಜಮ್ಮ. ರೈಲ್ವೆಯಲ್ಲಿ ಕೆಲಸದಲ್ಲಿದ್ದ ತೆಲುಗರೊಬ್ಬರನ್ನು ಮದುವೆಯಾಗಿ ಹೋಗಿ ಆ ಊರಿನವರೇ ಆಗಿಬಿಟ್ಟಿದ್ದರು. ಅವರ ಗಂಡನನ್ನು ನಾವು ತೆಲುಗಿನವರ ಹಾಗೆಯೇ ಬಾಬಾಯಿ ಎಂದು ಕರೆಯುತ್ತೇವೆ. ಹೆಂಡತಿಯಿಂದ ಕಲಿತ ಕನ್ನಡವನ್ನು ಅಚ್ಚ ತುಮಕೂರಿನವರ ಹಾಗೆ ಮಾತಾಡುವ ಮನುಷ್ಯ. ನಮ್ಮ ಅಪ್ಪ ತೀರಿಕೊಂಡ ವರ್ಷ, ಕಾಲೇಜು ಬಿಟ್ಟು ಮನೆಯಲ್ಲಿ ಕೂತುಬಿಡುತ್ತೇನೆ ಎಂದು ಹಠ ಹಿಡಿದಿದ್ದ ನನ್ನನ್ನು, ರಜೆ ಹಾಕಿ ಬಂದು ತಾವೇ ಕೈ ಹಿಡಿದು ಕರೆದುಕೊಂಡು ಹೋಗಿ ತರಗತಿಯಲ್ಲಿ ಕೂರಿಸಿ ಬಂದವರು ಅವರು. ನಾನು ಇವತ್ತು ನಾಲ್ಕು ಜನರ ಮುಂದೆ ಮೂಗು ಮೇಲೆತ್ತಿಕೊಂಡು ಓಡಾಡುತ್ತಿದ್ದರೆ ಅದು ಅವರಿಂದ.

ಚಿಕ್ಕಮ್ಮ ಚಳಿಗಾಲದಲ್ಲಿ ಹೋಗಿಬಿಟ್ಟರು. ಆಮೇಲೆ ಬಾಬಾಯಿ ಊಟ ಬಿಡುತ್ತಾ ಬಂದರು. ಉಪವಾಸವಲ್ಲ, ಹಠವಲ್ಲ. ಹೊತ್ತಿಗೆ ಸರಿಯಾಗಿ ಬಂದು ತಟ್ಟೆಯ ಮುಂದೆ ಕೂರುತ್ತಿದ್ದರು, ಎರಡು ತುತ್ತು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ತಲ್ಲೀ, ಅಂದರೆ ತಾಯೀ, ಎಂದು ಹೇಳಿ ಕೈ ತೊಳೆಯುತ್ತಿದ್ದರು. ಅವರ ಮಗಳು ಸ್ವಾತಿ ಗಂಡನನ್ನು ಅಚ್ಯುತಾಪುರಂನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬಿಟ್ಟು ಅಪ್ಪನ ಜೊತೆ ಬಂದು ನಿಂತಳು. ಆಕೆಯ ಅಡುಗೆ, ನಿಜ ಹೇಳಬೇಕೆಂದರೆ, ಚಿಕ್ಕಮ್ಮನ ಅಡುಗೆಗಿಂತ ಒಂದು ಕೈ ಮೇಲು. ಏನು ಮಾಡಿ ಬಡಿಸಿದರೂ ಎರಡೇ ತುತ್ತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ಕಾಯಿಲೆ ಏನೂ ಇಲ್ಲ ಎಂದರು. ಬೇಸಿಗೆ ಬರುವ ಹೊತ್ತಿಗೆ ಅವರ ಅಂಗಿಯೊಳಗೆ ಇನ್ನೊಬ್ಬರು ಹಿಡಿಯುವಷ್ಟು ಇಳಿದುಹೋಗಿದ್ದರು. ಹೀಗೇ ಆದರೆ ಅಡ್ಮಿಟ್ ಮಾಡಿ ಮೂಗಿನಿಂದ ಟ್ಯೂಬ್ ಹಾಕಿ ಊಟ ಕೊಡಬೇಕಾಗುತ್ತದೆ, ಈ ವಯಸ್ಸಿನಲ್ಲಿ ಅದನ್ನು ತಡೆದುಕೊಳ್ಳುತ್ತಾರೆಂದು ಹೇಳಲಾರೆ ಎಂದರು ಡಾಕ್ಟರು.

ಆಗ ಸ್ವಾತಿ ನನಗೆ ಫೋನ್ ಮಾಡಿದಳು. ಅಮ್ಮ ಹಾಕಿಟ್ಟಿದ್ದ ಆವಕಾಯಿ ಖಾಲಿಯಾಗಿದೆ, ಈ ಸಲ ಅಮ್ಮನ ಥರವೇ ಹಾಕಿದರೆ ಅಪ್ಪ ಒಂದು ಹಿಡಿ ಅನ್ನವಾದರೂ ತಿನ್ನಬಹುದು, ಅಮ್ಮ ಕಲಸುವುದನ್ನು ನೀನು ಪಕ್ಕದಲ್ಲಿ ಕೂತು ನೋಡಿದ್ದೀಯ, ಬಾ ಎಂದಳು. ಉಪ್ಪಿನಕಾಯಿಯಿಂದ ಮನುಷ್ಯ ಉಳಿಯುವುದಾದರೆ ಆಸ್ಪತ್ರೆಗಳನ್ನೆಲ್ಲ ಮುಚ್ಚಿ ಮಾವಿನ ತೋಪು ಮಾಡಬಹುದಲ್ಲ ಎಂದು ಬಾಯಿಗೆ ಬಂತು. ನುಂಗಿಕೊಂಡು ರಜೆ ಬರೆದು ಹೊರಟೆ.

ಆ ಊರಿನಲ್ಲಿ ಆವಕಾಯಿ ಹಾಕುವ ದಿನವೆಂದರೆ ಅದೊಂದು ದೊಡ್ಡ ಕಾರ್ಯ. ಮಾವಿನಕಾಯಿಯನ್ನು ಅಂಗಡಿಯಲ್ಲೇ ದಪ್ಪ ಕತ್ತಿಯಿಂದ ಓಟೆಯ ಸಮೇತ ಕತ್ತರಿಸಿಕೊಡುತ್ತಾರೆ, ಒಂದೊಂದು ಹೋಳಿಗೂ ಓಟೆಯ ಚಿಪ್ಪು ಅಂಟಿಕೊಂಡಿರಲೇಬೇಕು. ಅದಕ್ಕಾಗಿ ಬಿಸಿಲಿನಲ್ಲಿ ಸಾಲು. ಸ್ವಾತಿ ಬೆಳಿಗ್ಗೆಯೇ ಚೀಲ ಹಿಡಿದು ಹೊರಟಳು. ಹೊರಡುವಾಗ, ಮಹಡಿಯ ಮೇಲೆ ಸಾಸಿವೆ ಹರಡಿದ್ದೇನೆ, ಪುಡಿ ಮಾಡಿಡು ಅಕ್ಕಾ ಎಂದಳು. ಬಾಬಾಯಿ ಮುಂದಿನ ಕೋಣೆಯಲ್ಲಿ ಮಲಗಿದ್ದರು.

ಸಾಸಿವೆಯನ್ನು ತಂದೆ. ಬಾಣಲೆ ಇಟ್ಟೆ. ಹುರಿದೆ. ನಮ್ಮ ಕಡೆ ಹುಟ್ಟಿ ಬೆಳೆದ ಯಾವ ಹೆಂಗಸನ್ನಾದರೂ ಕೇಳಿ, ಉಪ್ಪಿನಕಾಯಿಗೆ ಸಾಸಿವೆ, ಮೆಂತ್ಯ ಹುರಿಯದೆ ಹಾಕುತ್ತೀರಾ ಎಂದು. ನಮ್ಮಮ್ಮ ಹುರಿಯುತ್ತಿದ್ದರು, ನಮ್ಮಜ್ಜಿ ಹುರಿಯುತ್ತಿದ್ದರು. ಚಿಕ್ಕಮ್ಮ ಕಲಸುವುದನ್ನು ನೋಡಿದ್ದೆನೇ ಹೊರತು ಸಾಸಿವೆ ಪುಡಿ ಮಾಡುವುದನ್ನು ನೋಡಿರಲಿಲ್ಲ, ಕೈ ತಾನಾಗಿ ಹುರಿಯಿತು. ಅದರ ಮಧ್ಯೆ ಬ್ಯಾಂಕಿನಿಂದ ಫೋನ್ ಬಂದು, ಒಂದು ಸಾಲದ ಫೈಲಿನ ಬಗ್ಗೆ ಒಬ್ಬ ದಡ್ಡನಿಗೆ ಹೇಳಿದ್ದನ್ನೇ ಹೇಳುತ್ತಾ ನಿಂತೆ. ತಿರುಗಿ ನೋಡಿದರೆ ಸಾಸಿವೆ ಚಟಪಟ ಎಂದು ಮುಗಿದು ಕಪ್ಪಾಗಿತ್ತು. ಪರವಾಗಿಲ್ಲ ಎಂದು ಪುಡಿ ಮಾಡಿದೆ.

ಸ್ವಾತಿ ಬಂದು ಡಬ್ಬಿ ತೆರೆದು ಮೂಸಿದಳು. ಮುಖ ಸಣ್ಣದಾಯಿತು.

"ಅಕ್ಕಾ, ಹುರಿದ್ಬಿಟ್ಯಾ? ಆವಕಾಯಿಗೆ ಹುರೀಬಾರ್ದು ಕದಾ. ಬಿಸ್ಲಲ್ಲಿ ಒಣಗ್ಸಿದ್ರೆ ಸಾಕು."

ಆವಕಾಯಿಯ ಜೀವವೇ ಹಸಿ ಸಾಸಿವೆಯ ಘಾಟು. ಮೂಗಿಗೆ ಏರಿ ಕಣ್ಣಲ್ಲಿ ನೀರು ತರಿಸುವ ಘಾಟು. ಹುರಿದರೆ ಅದು ಸತ್ತುಹೋಗುತ್ತದೆ, ಕಪ್ಪಾದರೆ ಕಹಿಯಾಗುತ್ತದೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನಾನು, ಒಂದು ಸಾಸಿವೆ ಹುರಿದರೆ ಪ್ರಳಯವಾಗುವುದಿಲ್ಲ, ಹೋಳು ಕಪ್ಪಾಗುವ ಮೊದಲು ಕಲಸು ಎಂದು ಜಬರಿಸಿದೆ. ಗುಂಟೂರಿನ ಖಾರದಪುಡಿ, ಉಪ್ಪು, ನನ್ನ ಸಾಸಿವೆ ಪುಡಿ, ಎಳ್ಳೆಣ್ಣೆ ಎಲ್ಲ ಸೇರಿಸಿ ದೊಡ್ಡ ಬೇಸನ್ನಿನಲ್ಲಿ ನಾನೇ ಕಲಸಿ, ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿದೆ.

ಜಾಡಿ ತುಂಬಿದ ಮೇಲೆ ಆ ಬೇಸನ್ನಿಗೆ ಅಂಟಿಕೊಂಡದ್ದಕ್ಕೆ ಬಿಸಿ ಅನ್ನ, ತುಪ್ಪ ಹಾಕಿ ಕಲಸಿ, ಮನೆಯವರ ಕೈಗೆಲ್ಲ ಒಂದೊಂದು ಉಂಡೆ ಕೊಡುವುದು ಅಲ್ಲಿನ ಪದ್ಧತಿ. ಬಾಬಾಯಿ ತಾವಾಗಿ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತು ಕೈ ಚಾಚಿದರು. ಸ್ವಾತಿಯ ಕಣ್ಣು ಅರಳಿತು. ಅವರು ಉಂಡೆಯನ್ನು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಹೊರಗೆ ತೆಗೆದು ತಟ್ಟೆಯ ಮೂಲೆಯಲ್ಲಿ ಇಟ್ಟು, ಎದ್ದು ಹೋಗಿ ಮಲಗಿದರು. ನಾನು ತಿಂದು ನೋಡಿದೆ. ಬೇವಿನಕಾಯಿ ಜಗಿದ ಹಾಗಿತ್ತು. ಉಗುಳಿದೆ. ಸ್ವಾತಿಯೂ ಉಗುಳಿದಳು, ಆಮೇಲೆ ಗೋಡೆಗೆ ಒರಗಿ ಅಳತೊಡಗಿದಳು.

ಸುರಿದುಬಿಡೋಣ ಎಂದೆ. ಬೇಡ, ಜಾಡಿ ತುಂಬಿದ ದಿನವೇ ಸುರಿಯಬಾರದು ಎಂದಳು. ಅದಕ್ಕೂ ಒಂದು ಶಾಸ್ತ್ರ! ಮೂರನೆಯ ದಿನ ಜಾಡಿ ತೆರೆದು ಮೇಲೆ ಕೆಳಗೆ ಮಾಡಿ ಕಲಸುವುದು ಅಲ್ಲಿ ರೂಢಿ, ಅವತ್ತು ಸುರಿದರಾಯಿತು ಎಂದು ಮೂಲೆಗೆ ತಳ್ಳಿದೆವು. ಮಾರನೆಯ ದಿನ ಬಾಬಾಯಿ ಎರಡು ತುತ್ತನ್ನೂ ತಿನ್ನಲಿಲ್ಲ, ಬರೀ ಮಜ್ಜಿಗೆ. ಸ್ವಾತಿ ಡಾಕ್ಟರಿಗೆ ಫೋನ್ ಮಾಡಿ ಆಸ್ಪತ್ರೆಯಲ್ಲಿ ಹಾಸಿಗೆ ಹೇಳಿಟ್ಟಳು. ಬಟ್ಟೆ, ಫ್ಲಾಸ್ಕು ಎಲ್ಲ ಚೀಲಕ್ಕೆ ಹಾಕಿದ್ದೂ ಆಯಿತು.

ಮೂರನೆಯ ದಿನ ಮಧ್ಯಾಹ್ನ, ಆಸ್ಪತ್ರೆಗೆ ಹೊರಡುವ ಮುಂಚೆ ಈ ದರಿದ್ರವನ್ನು ಹೊರಗೆ ಹಾಕೋಣವೆಂದು ಜಾಡಿ ಎಳೆದೆ. ನಾನು ಕಟ್ಟಿದ್ದ ಬಟ್ಟೆ, ನಾನು ಹಾಕಿದ್ದ ಗಂಟು. ಉಗುರಿನಿಂದ ಬಿಚ್ಚಿ ಮುಚ್ಚಳ ತೆಗೆದೆ.

ಘಾಟು ಮೂಗಿಗೆ ಹೊಡೆಯಿತು. ಕಣ್ಣಲ್ಲಿ ಬಳಬಳ ನೀರು ಬಂತು, ಸೀನು ಬಂತು, ಮತ್ತೆ ಸೀನು ಬಂತು. ನೆಲ ಹಿಡಿದುಕೊಂಡು ಕೂತುಬಿಟ್ಟೆ. ಹಸಿ ಸಾಸಿವೆಯ ಘಾಟು ಅದು, ಈಗಷ್ಟೇ ಪುಡಿ ಮಾಡಿದ ಹಾಗೆ. ಬಗ್ಗಿ ನೋಡಿದರೆ ಪುಡಿಯ ಬಣ್ಣ ಬದಲಾಗಿರಲಿಲ್ಲ, ಅದೇ ಸುಟ್ಟ ಕಪ್ಪು, ನಾನು ಕೆಡಿಸಿದ್ದೇ. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಇಟ್ಟೆ. ಚಿಕ್ಕಮ್ಮನ ಆವಕಾಯಿ. ಅವರದರ ಹಾಗೆ ಎಂದಲ್ಲ, ಅವರದೇ. ಚಿಕ್ಕಂದಿನಿಂದ ಬೇಸಿಗೆ ರಜೆಯಲ್ಲೆಲ್ಲ ತಿಂದ ನಾಲಿಗೆ ಇದು, ಇದಕ್ಕೆ ಯಾರೂ ಟೋಪಿ ಹಾಕಲಾರರು. ಕಹಿ ಹೆಸರಿಗೂ ಇರಲಿಲ್ಲ.

ಸ್ವಾತಿಯನ್ನು ಕರೆಯಬೇಕೆಂದು ತಿರುಗಿದರೆ ಬಾಗಿಲಲ್ಲಿ ಬಾಬಾಯಿ ನಿಂತಿದ್ದರು. ಹಿಂದಿನ ದಿನದಿಂದ ಬಚ್ಚಲಿಗೆ ಹೋಗಲೂ ಮಗಳ ತೋಳು ಬೇಕಾಗಿದ್ದ ಮನುಷ್ಯ ಗೋಡೆ ಹಿಡಿದುಕೊಂಡು ಒಬ್ಬರೇ ಬಂದಿದ್ದರು. ಅನ್ನ ಇದೆಯಾ ಎಂದು ಕೇಳಿದರು. ಇತ್ತು. ತುಪ್ಪ ಚೆಲ್ಲಿದೆ, ಹೇಗೋ ಕಲಸಿ ಒಂದು ಉಂಡೆ ಅವರ ಕೈಗೆ ಇಟ್ಟೆ. ತಿಂದರು. ಮತ್ತೆ ಕೈ ಚಾಚಿದರು. ತಿಂದರು. ಸ್ವಾತಿ ಹಿಂದಿನಿಂದ ಬಂದು ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಾ ನಿಂತಳು. ಪಾತ್ರೆಯ ಅನ್ನ ಮುಗಿಯಿತು. ಬಾಬಾಯಿ ಬೆರಳು ನೆಕ್ಕಿ, ನನ್ನನ್ನೂ ನೋಡದೆ ಮಗಳನ್ನೂ ನೋಡದೆ, ಒಲೆಯ ಕಡೆಗೆ ತಿರುಗಿ ಸ್ವಲ್ಪ ಸಿಟ್ಟಿನಿಂದಲೇ ಹೇಳಿದರು:

"ಎಷ್ಟು ಸಲ ಹೇಳಿದ್ರೂ ಉಪ್ಪು ಕಮ್ಮಿನೇ ಹಾಕ್ತೀಯ."

ಬಿಸಿಲಿಗೆ ಎಲ್ಲ ಕಿಟಕಿ ಮುಚ್ಚಿದ್ದ ಆ ಮನೆಯಲ್ಲಿ, ಬೆವರು ಇಳಿಯುತ್ತಿದ್ದ ನನ್ನ ಮೈ ಜುಮ್ಮೆಂದಿತು. ಒಲೆಯ ಹತ್ತಿರ ಯಾರೂ ಇರಲಿಲ್ಲ. ಇದ್ದರು ಎಂದು ಹೇಳಿ ನಿಮ್ಮನ್ನು ಹೆದರಿಸುವ ಆಸೆಯೂ ನನಗಿಲ್ಲ.

ಆಸ್ಪತ್ರೆಗೆ ಹೋಗಲಿಲ್ಲ. ಅವತ್ತು ಸಂಜೆಯೂ ಅವರು ಉಂಡರು, ಮರುದಿನವೂ ಉಂಡರು. ನಾನು ಮಾತ್ರ ಪೊಲೀಸರ ಹಾಗೆ ವಿಚಾರಣೆಗೆ ಇಳಿದೆ. ಸ್ವಾತಿ ಬೇರೆ ಉಪ್ಪಿನಕಾಯಿ ತಂದು ಜಾಡಿಗೆ ತುಂಬಿದಳೇ? ಅಪ್ಪನ ಮೇಲೆ ಆಣೆ ಇಟ್ಟು ಇಲ್ಲವೆಂದಳು. ಹಾಗೆ ತುಂಬಿದ್ದರೆ ಆ ಸುಟ್ಟ ಕಪ್ಪು ಪುಡಿ ಎಲ್ಲಿಂದ ಬಂತು? ಮೊದಲ ದಿನ ನಮ್ಮ ನಾಲಿಗೆಯೇ ಕೆಟ್ಟಿತ್ತೇ? ಮೂವರದೂ ಒಟ್ಟಿಗೆ? ಪಕ್ಕದ ಮನೆಯಾಕೆ ಬಂದು ಒಂದು ಹೋಳು ಚೀಪಿ, ಸರೋಜಮ್ಮನ ಕೈಗುಣ ಅಕ್ಕನ ಮಗಳಿಗೆ ಬಂದಿದೆ ಎಂದು ತೀರ್ಪು ಕೊಟ್ಟಳು. ನನ್ನ ಕೈಗುಣ ಬಾಣಲೆಯಲ್ಲಿ ಏನು ಮಾಡಿತ್ತು ಎಂದು ನನಗೆ ಗೊತ್ತು. ವಿಶಾಖಪಟ್ಟಣಕ್ಕೆ ಹಿಂತಿರುಗಿದ ಮೇಲೆ ನಮ್ಮ ಶಾಖೆಯ ಕೆಮಿಸ್ಟ್ರಿ ಪದವೀಧರನನ್ನು ಕೇಳಿದೆ. ಒಮ್ಮೆ ಕಾದು ಸತ್ತ ಘಾಟು ಮತ್ತೆ ಹುಟ್ಟುವುದಿಲ್ಲ ಮೇಡಂ, ಸಾಧ್ಯವೇ ಇಲ್ಲ ಎಂದು ಅರ್ಧ ಗಂಟೆ ಕೊರೆದ. ಸಾಧ್ಯವಿಲ್ಲ ಎಂಬುದು ನನಗೂ ಗೊತ್ತಿತ್ತು, ಆದದ್ದು ಹೇಗೆಂದು ಹೇಳಲಿಕ್ಕೆ ಅವನ ಪದವಿಗೂ ಬರಲಿಲ್ಲ.

ಒಂದು ದೆವ್ವವೋ ಆತ್ಮವೋ ಇದೆ ಎಂದೇ ಇಟ್ಟುಕೊಳ್ಳೋಣ. ಅದಕ್ಕೆ ಮಾಡಲು ಬೇರೆ ಕೆಲಸವಿಲ್ಲವೇ? ಪರಲೋಕದಿಂದ ಬಂದು ಸಾಸಿವೆ ಪುಡಿ ರಿಪೇರಿ ಮಾಡಿ ಹೋಗುತ್ತದೆಯೇ? ಹೀಗೆಲ್ಲ ಅಂದುಕೊಂಡರೆ ನಗು ಬರಬೇಕು. ಬರುವುದಿಲ್ಲ.

ವಿಜಯವಾಡದಿಂದ ಹೊರಟ ದಿನ ಬೆಳಿಗ್ಗೆಯೇ ಬಾಬಾಯಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಹುರಿದವಳು ನಾನು, ಕಲಸಿದವಳು ನಾನು, ಅದು ಕೆಟ್ಟುಹೋಗಿತ್ತು, ಅದು ಹೇಗೆ ಸರಿಯಾಯಿತೋ ಗೊತ್ತಿಲ್ಲ ಎಂದೆ. ಅವರು ಇಡ್ಲಿಯನ್ನು ಆವಕಾಯಿಗೆ ಅದ್ದಿ ತಿನ್ನುತ್ತಿದ್ದರು.

"ಗೊತ್ತು ತಲ್ಲೀ. ನೀನು ಹುರಿಯೋ ವಾಸ್ನೆ ಮಲಗಿದ್ದಲ್ಲಿಗೇ ಬಂತು. ಕೆಡಿಸಿದ್ಲು ಅಂತ ಅವಾಗ್ಲೇ ಗೊತ್ತಾಯ್ತು."

ಮತ್ತೆ ಯಾಕೆ ಕೂಗಿ ನಿಲ್ಲಿಸಲಿಲ್ಲ ಎಂದು ಕೇಳಿದೆ. ಅವರು ಒಳಗೆ ಸ್ವಾತಿ ಇದ್ದಾಳೆಯೇ ಎಂದು ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು.

"ಸ್ವಾತಿ ಎಲ್ಲಾನೂ ಚೆನ್ನಾಗೇ ಮಾಡ್ತಾಳೆ. ಒಂದು ದಿನಾನೂ ಸೀದಿಲ್ಲ, ಒಂದು ದಿನಾನೂ ಹುಳಿ ಹೆಚ್ಚಾಗಿಲ್ಲ. ನಿಮ್ಮ ಚಿಕ್ಕಮ್ಮಂಗೆ ಈ ಮನೇಗೆ ಬರೋಕೆ ಕೆಲ್ಸಾನೇ ಇರ್ಲಿಲ್ಲ. ಕೆಟ್ಟಿದ್ದನ್ನ ಕಂಡ್ರೆ ಆಕೆ ಸುಮ್ನೆ ಇರ್ತಾಳಾ?"

ಬೇರೆ ಯಾರಾದರೂ ಅಂದಿದ್ದರೆ ಬಾಯಿಗೆ ಬಂದದ್ದನ್ನು ಹೇಳಿ ಎದ್ದು ಬರುತ್ತಿದ್ದೆ. ಅವರ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದೆ.

ಬಾಬಾಯಿ ಈಗ ಚೆನ್ನಾಗಿದ್ದಾರೆ, ಮೈ ತುಂಬಿಕೊಂಡಿದ್ದಾರೆ. ನಾನು ರಜೆಯಲ್ಲಿ ಆ ಮನೆಗೆ ಹೋದರೆ ಮಾತ್ರ ಒಂದು ಫಜೀತಿ. ಬ್ಯಾಗು ಇಡುವುದಕ್ಕೂ ಬಿಡದೆ, ಇವತ್ತು ಅಡುಗೆ ನೀನೇ ಮಾಡಬೇಕು ಎನ್ನುತ್ತಾರೆ. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತು, ನಾನು ಏನನ್ನು ಹೊತ್ತಿಸುತ್ತೇನೆ, ಎಲ್ಲಿ ಉಪ್ಪು ಸುರಿಯುತ್ತೇನೆ ಎಂದು ಆಸೆಯಿಂದ ನೋಡುತ್ತಾರೆ. ನಾನು ಜನ್ಮದಲ್ಲಿ ಮಾಡದಷ್ಟು ಎಚ್ಚರದಿಂದ ಅಡುಗೆ ಮಾಡುತ್ತೇನೆ. ಉರಿ ಸಣ್ಣದು ಮಾಡುತ್ತೇನೆ, ಉಪ್ಪು ಚಮಚದಲ್ಲಿ ಅಳೆಯುತ್ತೇನೆ, ಫೋನ್ ಆಫ್ ಮಾಡಿ ಇಡುತ್ತೇನೆ. ಬೇಕೆಂದೇ ಒಮ್ಮೆ ಕೆಡಿಸಿ ನೋಡು, ಪರೀಕ್ಷೆಯಾಗಿಬಿಡಲಿ ಎಂದು ಮನಸ್ಸು ಹೇಳುತ್ತದೆ. ನಂಬದವಳು ಮಾಡಬೇಕಾದದ್ದೂ ಅದೇ. ಆದರೆ ಕೆಡಿಸಿದ್ದು ಕೆಟ್ಟೇ ಉಳಿದುಬಿಟ್ಟರೆ, ಆ ಬಾಗಿಲಲ್ಲಿ ಕೂತ ಅವರ ಮುಖವನ್ನು ನಾನು ಹೇಗೆ ನೋಡಲಿ?